ಕಾಕಾ ಕೊಟ್ಟು ಬಂದ ಮಾತು

ಕಳ್ಳನೊಬ್ಬ ಹಾಡಹಗಲೇ ಗೋಡೆಗೆ ಏಣಿ ಒರಗಿಸಿ, ‘ಸ್ವಲ್ಪ ಹಿಡೀರಿ, ಜಾರಲಕತ್ತದ’ ಎಂದರೆ ನಮ್ಮ ಕಾಕಾ ಏಣಿ ಹಿಡಿಯುತ್ತಾರೆ. ಅವನು ಹತ್ತುತ್ತಿರುವುದು ತಮ್ಮದೇ ಮನೆಯನ್ನು ಎಂದು ಗೊತ್ತಾದ ಮೇಲೂ ಬಿಡುವುದಿಲ್ಲ. ನಡುವೆ ಕೈಬಿಟ್ಟರೆ ಪಾಪ, ಬಿದ್ದಾನಲ್ಲ! ಗಂಟು ಹೊತ್ತು ಕೆಳಗಿಳಿದವನಿಗೆ ಚಹಾ ಕುಡಿದು ಹೋಗು ಎಂದು ಹೇಳದೆ ಕಳಿಸುವುದೂ ಇಲ್ಲ. ಈ ಮಾತು ನಾನು ಕಟ್ಟಿದ್ದಲ್ಲ, ಕಾಕು ಕಟ್ಟಿದ್ದು. ಅವರ ಜೊತೆ ಇಷ್ಟು ವರ್ಷ ಸಂಸಾರ ಮಾಡಿದವರಿಗೆ ಇಷ್ಟು ಹೇಳುವ ಹಕ್ಕು ಇರಬೇಡವೇ?

ಕಾಕಾ ಎಂದರೆ ನನ್ನ ತಂದೆಯ ತಮ್ಮ, ಕಾಕು ಅವರ ಹೆಂಡತಿ. ಬೀದರ್ ಜಿಲ್ಲೆಯ ನಮ್ಮ ಮನೆತನ ನಾಸಿಕ್ ರೋಡಿಗೆ ಬಂದು ಎರಡು ತಲೆಮಾರಾಯಿತು. ಹೊರಗೆ ಮರಾಠಿ, ಮನೆಯೊಳಗೆ ಬೀದರಿನ ಕನ್ನಡ, ಸಿಟ್ಟು ಬಂದಾಗ ಹಿಂದಿ. ಕಾಕಾ ಅವರಿಗೆ ಸಿಟ್ಟೇ ಬರುವುದಿಲ್ಲವಾದ್ದರಿಂದ ಅವರ ಹಿಂದಿ ಇವತ್ತಿಗೂ ಕಚ್ಚಾ. ದ್ರಾಕ್ಷಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಅವರು ಸೂಪರ್‌ವೈಸರ್ ಆಗಿದ್ದರು. ಹಂಗಾಮು ಬಂತೆಂದರೆ ರೈತರು ‘ಇದೊಂದಿಷ್ಟು ಮನೆಗೆ’ ಎಂದು ಕೈಗಿಟ್ಟದ್ದನ್ನು ಬೇಡ ಎನ್ನಲಾರದೆ ಹೊತ್ತು ತರುತ್ತಿದ್ದರು. ಬುಟ್ಟಿ ತುಂಬಿ, ಕೊಡ ತುಂಬಿ, ಕುಕ್ಕರ್ ತುಂಬಿ, ಕೊನೆಗೆ ಅನ್ನಕ್ಕೆ ಇಡಲು ಪಾತ್ರೆಯೇ ಇಲ್ಲದಂತಾದ ದಿನ ಕಾಕು ಶಾಂತವಾಗಿ ಕೇಳಿದರಂತೆ: ‘ಖರೆ ಹೇಳ್ರಿ, ಕೋಲ್ಡ್ ಸ್ಟೋರೇಜ್ ನಿಮ್ಮ ಕಂಪನ್ಯಾಗ ಅದನೋ, ನನ್ನ ಅಡಗಿಮನ್ಯಾಗ ಅದನೋ?’

ಇದಕ್ಕೆ ವೈದ್ಯರಲ್ಲಿ ಔಷಧಿ ಇಲ್ಲ. ಕನ್ನಡದಲ್ಲಿ ಇದಕ್ಕೊಂದು ಮರ್ಯಾದಸ್ಥ ಹೆಸರಿದೆ: ದಾಕ್ಷಿಣ್ಯ. ನಾನು ಧಾರವಾಡದಲ್ಲಿ ಓದುತ್ತಿದ್ದಾಗ ಈ ಶಬ್ದವನ್ನು ಸದ್ಗುಣಗಳ ಸಾಲಿನಲ್ಲಿ ಕಂಡು ಬಹಳ ಹೊತ್ತು ಯೋಚಿಸಿದ್ದೆ. ಬರೆದವರು ನಮ್ಮ ಕಾಕಾ ಅವರನ್ನು ನೋಡಿರಲಿಲ್ಲ ಎಂಬುದು ಸ್ಪಷ್ಟವಾಗಿತ್ತು.

ಒಮ್ಮೆ ಊರ ಕಡೆಯ ಹಿರಿಯರೊಬ್ಬರನ್ನು ರೈಲು ಹತ್ತಿಸಲು ಕಾಕಾ ಸ್ಟೇಷನ್ನಿಗೆ ಹೋದರು. ಹಿರಿಯರು ಸೀಟಿನಲ್ಲಿ ಕೂತು ಮಗಳ ಮದುವೆಯ ಕಥೆ ತೆಗೆದರು. ಗಾರ್ಡ್ ಸೀಟಿ ಹೊಡೆದ. ಮಾತು ನಡೆಯುತ್ತಿರುವಾಗ ಎದ್ದು ಹೋಗುವುದು ಹೇಗೆ? ರೈಲು ಹೊರಟಿತು. ಮಾತು ನಡೆಯಿತು. ಊಟಕ್ಕೆ ಮನೆಗೆ ಬರಬೇಕಾದ ಕಾಕಾ ಮನಮಾಡ ಸ್ಟೇಷನ್ನಿನಿಂದ ಫೋನ್ ಮಾಡಿದರು. ಸಂಜೆ ಸುಸ್ತಾಗಿ ಮನೆಗೆ ಬಂದಾಗ ಕಾಕು ಬೇರೇನೂ ಕೇಳಲಿಲ್ಲ. ‘ಮದುವಿ ಆತೇನ್ರಿ ಕಡೀಕ?’ ಎಂದರು. ಕಾಕಾ ಪ್ರಾಮಾಣಿಕವಾಗಿ ಉತ್ತರಿಸಿದರು: ‘ಎಲ್ಲಿದು. ಮನಮಾಡ ಬಂದಾಗ ಇನ್ನ ವರಾ ನೋಡಲಕತ್ತಿದ್ರು.’

ಮತ್ತೊಮ್ಮೆ ಕ್ಷೌರಕ್ಕೆಂದು ಹೋದವರು ಕಾಗೆಯಂತೆ ಕಪ್ಪಾದ ಮೀಸೆ ಹೊತ್ತು ಬಂದರು. ತಲೆ ಮಾತ್ರ ಹಾಗೇ ಬೆಳ್ಳಗಿತ್ತು. ಹುಡುಗ ಹೊಸದಾಗಿ ಅಂಗಡಿ ಹಾಕಿದ್ದಾನೆ, ಬಣ್ಣ ಹಚ್ಚಲೇ ಎಂದು ಕೇಳಿದ, ಮನಸ್ಸು ಮುರಿಯಬಾರದೆಂದು ಹೂಂ ಅಂದೆ, ತಲೆಗೆ ಬರುವಷ್ಟರಲ್ಲಿ ಅವನ ಬಣ್ಣವೇ ಮುಗಿಯಿತು, ಇದು ಅವರ ವಿವರಣೆ. ಆ ತಿಂಗಳ ಎಲ್ಲ ಮದುವೆಗಳ ಫೋಟೋದಲ್ಲೂ ನಮ್ಮ ಕಾಕಾ ಬೇರೆ ಯಾರದೋ ಮೀಸೆಯನ್ನು ಕಡ ತಂದವರ ಹಾಗೆ ಕಾಣುತ್ತಾರೆ.

ಈ ಕಥೆಗಳನ್ನು ನಾವು ಹಬ್ಬಹಬ್ಬಕ್ಕೂ ಹೇಳಿ ನಕ್ಕಿದ್ದೇವೆ. ಕಾಕಾ ಅವರೂ ನಗುತ್ತಿದ್ದರು. ಈಗ ಹೇಳಲು ಕೂತರೆ ನನ್ನ ನಗು ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಯಾಕೆ ಎಂದು ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಕಾಕು ಇದಕ್ಕೆ ಪೂರಾ ತದ್ವಿರುದ್ಧ. ಅವರು ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್, ಅದಕ್ಕಿಂತ ಮೊದಲು ಖೋ ಖೋ ಆಟಗಾರ್ತಿ, ಆಮೇಲೆ ಅಂಪೈರ್. ಕೊರಳಲ್ಲಿ ಮಂಗಳಸೂತ್ರದ ಜೊತೆ ಸೀಟಿಯ ದಾರ ಯಾವಾಗಲೂ ಇರುತ್ತದೆ. ಎರಡರಲ್ಲಿ ಸೀಟಿಗೇ ಕೆಲಸ ಹೆಚ್ಚು. ಹಾಲಿನವನು ನೀರು ಬೆರೆಸಿದರೆ ಸೀಟಿ, ಗ್ಯಾಸ್ ಸಿಲಿಂಡರಿನ ಸಾಲಿನಲ್ಲಿ ಯಾರಾದರೂ ನಡುವೆ ನುಗ್ಗಿದರೆ ಸೀಟಿ. ತಪ್ಪು ಕಂಡ ಕ್ಷಣಕ್ಕೆ ಊದಬೇಕು, ಯೋಚಿಸಿ ಊದಿದರೆ ಅದು ಅಂಪೈರಿಂಗ್ ಅಲ್ಲ, ರಾಜಕೀಯ ಎನ್ನುತ್ತಿದ್ದರು.

ಖೋ ಖೋ ನೋಡಿದವರಿಗೆ ಗೊತ್ತು: ಬೆನ್ನಟ್ಟುವ ತಂಡದವರು ಮೈದಾನದ ನಡುವೆ ಒಂದೇ ಸಾಲಿನಲ್ಲಿ ಕೂರುತ್ತಾರೆ, ಆದರೆ ಒಬ್ಬರ ಮುಖ ಪೂರ್ವಕ್ಕಾದರೆ ಪಕ್ಕದವರದು ಪಶ್ಚಿಮಕ್ಕೆ. ಕಾಕಾ ಕಾಕು ಇಬ್ಬರದೂ ಇದೇ ಪದ್ಧತಿಯ ಸಂಸಾರ. ಒಂದೇ ಸಾಲು, ಬೇರೆ ಬೇರೆ ದಿಕ್ಕು. ಆಟ ಮಾತ್ರ ಚೆನ್ನಾಗಿ ನಡೆದಿತ್ತು.

ಕಾಕುವಿನ ತವರು ಸಂಭಾಜಿನಗರ. ಅವರೂ ಮೂಲತಃ ಕಲಬುರಗಿ ಕಡೆಯವರೇ. ಹೆಣ್ಣು ನೋಡಲು ಹೋದಾಗ ಚಹಾದ ತಾಟು ಹಿಡಿದು ಬಂದ ಹುಡುಗಿ, ತಾಟು ಕೆಳಗಿಡುವ ಮೊದಲೇ ಕಾಕಾ ಅವರನ್ನು ಕೇಳಿದಳಂತೆ: ‘ಮದುವಿ ಆದ ಮ್ಯಾಲೂ ನಾ ಗ್ರೌಂಡಿಗಿ ಹೋಗ್ತೀನ್ರಿ. ನಡೀತದೇನು?’ ಹಿರಿಯರೆಲ್ಲ ಕೆಮ್ಮಿದರು. ಕಾಕಾ ‘ನಡೀತದ್ರಿ’ ಎಂದರು. ಇಂಥ ಗಂಡು ಸಿಕ್ಕಿದ್ದು ತಮ್ಮ ಪುಣ್ಯ ಎಂದು ಕಾಕು ಮದುವೆಗೆ ಒಪ್ಪಿದರು. ಇವರು ಎಲ್ಲರಿಗೂ, ಎಲ್ಲದಕ್ಕೂ ಹಾಗೇ ಹೇಳುತ್ತಾರೆ ಎಂದು ತಿಳಿಯಲು ಒಂದು ದ್ರಾಕ್ಷಿ ಹಂಗಾಮು ಬೇಕಾಯಿತು. ಆದರೆ ನ್ಯಾಯವಾಗಿ ಹೇಳಬೇಕು, ಆ ಒಂದು ಮಾತನ್ನು ಕಾಕಾ ಉಳಿಸಿಕೊಂಡರು. ಕಾಕು ಬೆಳಿಗ್ಗೆ ಮೈದಾನಕ್ಕೆ ಹೋದರೆ ಮನೆಯಲ್ಲಿ ಸುಶೀಲಾ ತಿರುವುತ್ತಿದ್ದವರು ಇವರು. ಸುಶೀಲಾ ಎಂದರೆ ಹೆಂಗಸಲ್ಲ, ನಮ್ಮ ಕಡೆಯ ಚುರುಮುರಿ ಒಗ್ಗರಣೆ. ಹೊರಗಿನ ಓದುಗರು ಗಾಬರಿಯಾಗಬಾರದು.

ಇನ್ನು ಸಂಘದ ವಿಷಯ. ನಾಸಿಕ್ ಕಡೆಯಿಂದ ಸಂಭಾಜಿನಗರದವರೆಗಿನ ಶಾಲೆ, ಕ್ಲಬ್ಬುಗಳ ತಂಡಗಳಿಗೆಲ್ಲ ಸೇರಿ ಒಂದು ಖೋ ಖೋ ಸಂಘವಿದೆ. ಹೆಸರು ಬೇಡ. ಕಾಕು ಅದರ ಮಹಿಳಾ ಉಪಾಧ್ಯಕ್ಷೆ. ಕೇಳಲು ದೊಡ್ಡದು. ಕೆಲಸ ಏನು? ಮುಖ್ಯ ಅತಿಥಿಗಳು ಬಂದಾಗ ಆರತಿ ಎತ್ತಿ ಕುಂಕುಮ ಹಚ್ಚುವುದು, ಸತ್ಕಾರದ ಶಾಲು, ತೆಂಗಿನಕಾಯಿಗಳನ್ನು ಒಂದೊಂದಾಗಿ ಅಧ್ಯಕ್ಷರ ಕೈಗೆ ಎತ್ತಿ ಕೊಡುವುದು. ವೇದಿಕೆಯ ಮೇಲೆ ಅವರಿಗೂ ಒಂದು ಕುರ್ಚಿ ಇತ್ತು, ಇಲ್ಲವೆನ್ನಲಾರೆ. ಆದರೆ ಶಾಲು, ತೆಂಗಿನಕಾಯಿಗಳನ್ನು ಇಡಲು ಬೇರೆ ಜಾಗವಿಲ್ಲದೆ ಅದರ ಮೇಲೆಯೇ ಇಟ್ಟಿರುತ್ತಿದ್ದರು. ತೆಂಗಿನಕಾಯಿ ಕೂತಿರುತ್ತಿತ್ತು, ಉಪಾಧ್ಯಕ್ಷೆ ನಿಂತಿರುತ್ತಿದ್ದರು.

ನಿಜವಾದ ಕೆಲಸ ಕಾರ್ಯದರ್ಶಿಯದು. ಯಾವ ಪಂದ್ಯ ಯಾವ ಹೊತ್ತಿಗೆ, ತಂಡದ ಜೊತೆ ಪರ ಊರಿಗೆ ಯಾರು ಹೋಗಬೇಕು ಎಂಬುದೆಲ್ಲ ಅವನ ಕೈಯಲ್ಲಿ. ಗಂಡುಹುಡುಗರ ಪಂದ್ಯ ಯಾವಾಗಲೂ ಸಂಜೆ, ದೀಪದ ಬೆಳಕಿನಲ್ಲಿ, ಅತಿಥಿಗಳ ಎದುರು. ಹೆಣ್ಣುಮಕ್ಕಳದು ಮಧ್ಯಾಹ್ನ ಎರಡಕ್ಕೆ. ಏಪ್ರಿಲ್ ತಿಂಗಳ ಎರಡು ಗಂಟೆಗೆ ಇಲ್ಲಿಯ ನೆಲದ ಮೇಲೆ ನಾಯಿಯೂ ಕಾಲಿಡುವುದಿಲ್ಲ. ಆ ನೆಲದ ಮೇಲೆ ಬರಿಗಾಲ ಹುಡುಗಿಯರು ಕೂರಬೇಕು, ಏಳಬೇಕು, ಓಡಬೇಕು. ಕಾಕು ಪ್ರತಿ ವರ್ಷ ಕೇಳುತ್ತಿದ್ದರು. ಪ್ರತಿ ವರ್ಷ ಅಧ್ಯಕ್ಷರು, ಹೆಣ್ಣುಮಕ್ಕಳು ಕತ್ತಲಾಗುವ ಮೊದಲು ಮನೆ ಸೇರಬೇಕಲ್ಲ ತಾಈ, ಅವರ ಕಾಳಜಿಗೇ ಹೀಗೆ ಮಾಡಿದ್ದು ಎನ್ನುತ್ತಿದ್ದರು. ತಾಈ ಎಂದರೆ ಮರಾಠಿಯಲ್ಲಿ ಅಕ್ಕ. ಅಕ್ಕ ಎಂದು ಕರೆದ ಮೇಲೆ ಮುಂದೆ ಮಾತಿಲ್ಲ!

ಹೋದ ವರ್ಷ ಕಾಕು ಕಾರ್ಯದರ್ಶಿ ಸ್ಥಾನಕ್ಕೆ ನಿಂತರು. ಅದೇ ಅವರಿಗೆ ಕೊನೆಯ ಅವಕಾಶ. ಇಂತಿಷ್ಟು ವಯಸ್ಸು ದಾಟಿದವರು ಸ್ಪರ್ಧಿಸುವಂತಿಲ್ಲ ಎಂದು ಸಂಘದ ನಿಯಮ, ಮುಂದಿನ ಚುನಾವಣೆಯ ಹೊತ್ತಿಗೆ ಕಾಕು ಅದನ್ನು ದಾಟಿರುತ್ತಾರೆ. (ಅಧ್ಯಕ್ಷರು ದಾಟಿ ಯಾವ ಕಾಲವಾಯಿತೋ. ಆದರೆ ಅವರದು ಕೆಲಸವಲ್ಲ, ಗೌರವ. ಗೌರವಕ್ಕೆ ವಯಸ್ಸಿಲ್ಲ.) ಎದುರಾಳಿ ಅಧ್ಯಕ್ಷರ ಅಕ್ಕನ ಮಗ. ಆತ ಖೋ ಖೋ ಆಡಿದ್ದನ್ನು ನೋಡಿದವರಿಲ್ಲ, ಆದರೆ ಶಾಮಿಯಾನಾ ಬಾಡಿಗೆಗೆ ಕೊಡುವ ವ್ಯಾಪಾರವಿತ್ತು. ಪಂದ್ಯಾವಳಿ ಎಂದ ಮೇಲೆ ನೆರಳು ಬೇಡವೇ?

ಕಾಕು ಸ್ಕೂಟಿಯಲ್ಲಿ, ಎಸ್.ಟಿ. ಬಸ್ಸಿನಲ್ಲಿ ಮಾಲೇಗಾಂವ್‌ವರೆಗೂ ತಿರುಗಿದರು. ಮತ ಹಾಕಬೇಕಾದವರಲ್ಲಿ ಬಹಳ ಮಂದಿ ಅವರ ಕೈಯಲ್ಲೇ ಆಡಿ ಈಗ ಪಿ.ಟಿ. ಟೀಚರ್‌ಗಳಾದವರು. ಮತದಾನ ನಡೆದರೆ ಕಾಕು ಗೆಲ್ಲುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದಲೇ ಮತದಾನ ನಡೆಯಕೂಡದಿತ್ತು.

ಇಲ್ಲಿ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮ ಈ ಸೀಮೆಯಲ್ಲಿ ‘ಬಿನವಿರೋಧ’ ಎಂಬುದು ದೊಡ್ಡ ಹೆಮ್ಮೆಯ ಮಾತು. ಅಂದರೆ ಅವಿರೋಧ ಆಯ್ಕೆ. ನಮ್ಮ ಸಂಘದಲ್ಲಿ ಎಂದೂ ಮತ ಹಾಕಿದ್ದೇ ಇಲ್ಲ, ಎಲ್ಲ ಪ್ರೀತಿಯಿಂದ, ಎಲ್ಲ ಬಿನವಿರೋಧ ಎಂದು ಎದೆ ತಟ್ಟಿ ಹೇಳುತ್ತಾರೆ. ಈ ಪ್ರೀತಿ ಹುಟ್ಟುವುದು ಸಭೆಯಲ್ಲಲ್ಲ, ಅದಕ್ಕೆ ಮೊದಲಿನ ಭಾನುವಾರ ಬೆಳಿಗ್ಗೆ ಊರ ಹೊರಗಿನ ಮಿಸಳ ಹೋಟೆಲಿನಲ್ಲಿ. ಮಿಸಳ ಎಂದರೆ ಖಾರದ ಕಾಳಿನ ಸಾರು, ಮೇಲೆ ಫರಸಾಣದ ಕುರುಕಲು, ಪಕ್ಕಕ್ಕೆ ಪಾವ್. ಅಲ್ಲಿಗೆ ಹೆಂಗಸರನ್ನು ಬರಬೇಡಿ ಎಂದು ಯಾರೂ ಹೇಳಿಲ್ಲ. ಬನ್ನಿ ಎಂದೂ ಯಾರೂ ಹೇಳಿಲ್ಲ.

ಆ ಭಾನುವಾರ ಕರೆ ಬಂದದ್ದು ಕಾಕಾ ಅವರಿಗೆ. ಅದುವರೆಗೆ ಸಂಘದವರಿಗೆ ನಮ್ಮ ಕಾಕಾ ಎಂದರೆ ಮೈದಾನದ ಅಂಚಿನಲ್ಲಿ ನೀರಿನ ಕ್ಯಾನ್ ಹಿಡಿದು ನಿಂತ ಒಂದು ಮೀಸೆ. ಈಗ ಒಮ್ಮೆಲೇ ಅವರು ‘ದಾಜಿ’ ಆದರು. ಅಕ್ಕನ ಗಂಡನಿಗೆ ಮರಾಠಿಯಲ್ಲಿ ಹಾಗೆನ್ನುತ್ತಾರೆ. ಕಾಕು ತಾಈ ಆದ ಮೇಲೆ ಇವರು ದಾಜಿ ಆಗಲೇಬೇಕಲ್ಲ. ಅಧ್ಯಕ್ಷರೇ ಕಾರಿನ ಬಾಗಿಲು ತೆಗೆದರು. ದಾಜಿಗೆ ಇನ್ನಷ್ಟು ರಸ್ಸಾ ಹಾಕು, ದಾಜಿಗೆ ಮೊಸರು ತಾ, ದಾಜಿಗೆ ಇನ್ನೊಂದು ಪಾವ್. ಇದನ್ನೆಲ್ಲ ಕಾಕಾ ಆಮೇಲೆ ನನಗೆ ಹೇಳಿದ್ದು. ‘ಅಳಿಯಗ ಮಾಡಿದಂಗ ಮಾಡಿದ್ರು, ತಂಗಿ. ನನ್ನ ಅತ್ತಿಮನ್ಯಾಗೂ ಅಷ್ಟ ಮಾಡಿದ್ದಿಲ್ಲ’ ಎಂದರು.

ಮೂರನೆಯ ಪಾವಿನ ಹೊತ್ತಿಗೆ ವಿಷಯ ಬಂತು. ಕಾರ್ಯದರ್ಶಿ ಎಂದರೆ ತಿರುಗಾಟ, ಕಚೇರಿಗಳ ಅಲೆದಾಟ, ಹೊತ್ತಿಲ್ಲದ ಹೊತ್ತಿನಲ್ಲಿ ಫೋನು, ಜಗಳ. ತಾಈಗೆ ಈ ವಯಸ್ಸಿನಲ್ಲಿ ಯಾಕೆ ಈ ತ್ರಾಸು? ನಾವು ಅವರನ್ನು ಮುಖ್ಯ ಮಾರ್ಗದರ್ಶಕಿ ಮಾಡುತ್ತೇವೆ, ಅದು ಕಾರ್ಯದರ್ಶಿಗಿಂತ ದೊಡ್ಡದು. ಸಂಘದ ಬಿನವಿರೋಧದ ಪರಂಪರೆ ನಿಮ್ಮ ಮನೆಯಿಂದ ಮುರಿಯಿತು ಎಂದಾಗಬಾರದಲ್ಲವೇ. ನೇರವಾಗಿ ತಾಈಯನ್ನು ಕೇಳುವುದು ಸರಿಯಲ್ಲ, ಮನೆಯ ಹಿರಿಯರು ನೀವು. ಹೀಗೆಲ್ಲ ಹೇಳಿ ಅಧ್ಯಕ್ಷರು ಕಾಕಾ ಅವರ ಅಂಗೈ ಮೇಲೆ ತಮ್ಮ ಅಂಗೈ ಇಟ್ಟರು. ನಡೆಯುತ್ತದಲ್ಲವೇ ದಾಜಿ?

ಕಾಕಾ ನಡೆಯುತ್ತದೆ ಎಂದುಬಿಟ್ಟರು.

ಹಾಗೆಂದವರು ಮನೆಗೆ ಬಂದು ಹೇಳಿದ್ದರೆ ಇದೂ ಮನಮಾಡಿನ ಕಥೆಯಂತೆ ಒಂದು ನಗೆಯ ಕಥೆಯಾಗುತ್ತಿತ್ತು. ಕಾಕು ಒಂದು ಸೀಟಿ ಊದಿ, ಅಧ್ಯಕ್ಷರಿಗೆ ಫೋನ್ ಹಚ್ಚಿ, ಮುಗಿಸಿಬಿಡುತ್ತಿದ್ದರು. ಆದರೆ ಅಧ್ಯಕ್ಷರಿಗೆ ಇಲ್ಲ ಎನ್ನಲು ಬಾರದ ಕಾಕಾ ಅವರಿಗೆ, ಹೂಂ ಅಂದು ಬಂದೆ ಎಂದು ಕಾಕುವಿಗೆ ಹೇಳಲೂ ಬರಲಿಲ್ಲ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಅವರ ಬಾಯಿಂದ ಬೇರೆ ಏನೋ ಹೊರಟಿತು. ಫ್ಯಾನ್ ಒರೆಸಲೇ? ಸ್ಕೂಟಿ ತೊಳೆಯಲೇ? ಆ ವಾರ ನಮ್ಮ ಮನೆಯ ಫ್ಯಾನುಗಳಷ್ಟು ಸ್ವಚ್ಛವಾದ ಫ್ಯಾನು ನಾಸಿಕ್ ಜಿಲ್ಲೆಯಲ್ಲಿ ಇರಲಿಲ್ಲ. ಸಭೆಗೆ ಉಡಬೇಕಾದ ಸೀರೆಯನ್ನು ಕಾಕಾ ತಾವೇ ಇಸ್ತ್ರಿ ಮಾಡಿದರು. ಅಂಚಿಗೆ ಅಂಚು ಕೂಡಿಸಿ, ನೀರು ಚಿಮುಕಿಸಿ, ಬಹಳ ಹೊತ್ತು. ಕಾಕು ನನ್ನ ಕಡೆ ತಿರುಗಿ ನಗುತ್ತಾ, ‘ನೋಡಲ್ಲ, ನನಕಿಂತ ಇವರಿಗೇ ಗಡಬಿಡಿ ಹೆಚ್ಚಾಗ್ಯದ’ ಎಂದರು. ಆ ನಗುವಿನಲ್ಲಿ ಎಷ್ಟು ನಂಬಿಕೆ ಇತ್ತು ಎಂದು ಈಗ ನೆನೆದರೆ ಸಂಕಟವಾಗುತ್ತದೆ.

ಸಭೆ ಸಂಭಾಜಿನಗರದಲ್ಲಿ, ಒಂದು ಶಾಲೆಯ ಸಭಾಗೃಹದಲ್ಲಿ. ತವರೂರಾದ್ದರಿಂದ ಕಾಕುವಿನ ಅಣ್ಣನ ಮನೆಯಲ್ಲಿ ಊಟ. ಗೆದ್ದು ಬಂದ ಮೇಲೆ ಹೋಳಿಗೆ ಎಂದು ಅತ್ತಿಗೆ ಕಣಕ ಕಲಸಿ ಮುಚ್ಚಿಟ್ಟಿದ್ದರು. ನಾನೂ ಜೊತೆಗಿದ್ದೆ, ಹಿಂದಿನ ಸಾಲಿನಲ್ಲಿ ಕಾಕಾ ಅವರ ಪಕ್ಕ ಕೂತಿದ್ದೆ. ಕಾಕು ಮುಂದಿನ ಸಾಲಿನಲ್ಲಿ, ತಾವು ಹೇಳಬೇಕಾದ ನಾಲ್ಕು ಮಾತುಗಳನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು.

ಅಧ್ಯಕ್ಷರು ಮೈಕ್ ಹಿಡಿದರು. ಈ ವರ್ಷವೂ ನಮ್ಮ ಪರಂಪರೆ ಉಳಿಯಿತು ಎಂದು ತಿಳಿಸಲು ಸಂತೋಷವಾಗುತ್ತದೆ. ನಮ್ಮೆಲ್ಲರ ತಾಈ ದೊಡ್ಡ ಮನಸ್ಸು ಮಾಡಿ ಹಿಂದೆ ಸರಿದಿದ್ದಾರೆ, ದಾಜಿ ಖುದ್ದಾಗಿ ಮಾತು ಕೊಟ್ಟಿದ್ದಾರೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಕುವಿನ ಶಿಷ್ಯೆಯರೂ ತಟ್ಟಿದರು, ಇದು ತಾಈಯದೇ ತೀರ್ಮಾನ ಎಂದು ತಿಳಿದು. ಶಾಲು ಬಂತು, ತೆಂಗಿನಕಾಯಿ ಬಂತು. ಗಂಡ ಹೆಂಡತಿ ಇಬ್ಬರನ್ನೂ ವೇದಿಕೆಗೆ ಕರೆದರು. ಕಾಕಾ ಹೋಗಲಾರೆ ಎನ್ನಲೂ ಆಗದೆ ಎದ್ದು ಹೋದರು.

ಕಾಕು ಎದ್ದು ನಿಂತಾಗ ಅವರ ಕೈ ಸೀಟಿಯ ಮೇಲೆ ಹೋದದ್ದನ್ನು ನಾನು ನೋಡಿದೆ. ಒಂದು ಮಾತು ಸಾಕಿತ್ತು: ನಾನು ಸರಿದಿಲ್ಲ, ನನ್ನನ್ನು ಯಾರೂ ಕೇಳಿಲ್ಲ. ಸಭೆ ತಿರುಗಿಬೀಳುತ್ತಿತ್ತು. ಅವರು ಕಾಕಾ ಅವರ ಕಡೆ ನೋಡಿದರು. ಕಾಕಾ ಹೊಸ ಶಾಲು ಹೊದ್ದು, ತೆಂಗಿನಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು, ಮುಖ ಬಿಳಿಚಿ ನಿಂತಿದ್ದರು. ಆ ಮಾತು ಹೊರಬಿದ್ದರೆ ಅಷ್ಟು ಜನರೆದುರು ಅವರು ಸುಳ್ಳುಗಾರ ಆಗುತ್ತಿದ್ದರು, ಅಥವಾ ಹೆಂಡತಿಗೆ ಹೆದರಿ ಮಾತು ಮುಚ್ಚಿಟ್ಟವನೆಂದು ನಗೆಪಾಟಲಾಗುತ್ತಿದ್ದರು. ಕಾಕು ಸೀಟಿಯಿಂದ ಕೈ ತೆಗೆದರು. ಯಾರ ತಪ್ಪನ್ನೂ ಬಿಡದ ಅಂಪೈರು ಅವತ್ತು ಊದಲಿಲ್ಲ.

ಇದರಲ್ಲಿ ಪ್ರೀತಿ ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ಆ ಸಂಘ ಇಷ್ಟು ವರ್ಷ ನಡೆದದ್ದು ಇಂಥ ಪ್ರೀತಿಯ ಮೇಲೆಯೇ. ಒಬ್ಬರ ದಾಕ್ಷಿಣ್ಯ, ಇನ್ನೊಬ್ಬರ ಮರ್ಯಾದೆ ಕಾಯುವ ಗುಣ. ಇವೆರಡು ಸಿಕ್ಕಮೇಲೆ ಅಧ್ಯಕ್ಷರು ಬೇರೆ ದಬ್ಬಾಳಿಕೆ ಯಾಕೆ ಮಾಡಬೇಕು? ಮಿಸಳ ತಿನ್ನಿಸಿದರಾಯಿತು.

ಅಣ್ಣನ ಮನೆಯಲ್ಲಿ ಹೋಳಿಗೆ ಆಗಲಿಲ್ಲ. ಬಸ್ಸು ವೈಜಾಪುರ ದಾಟಿತು. ಆಮೇಲೆ ಕಾಕು ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು: ‘ಯಾವತ್ತ ಕೊಟ್ಟಿದ್ರಿ ಮಾತು?’ ಕಾಕಾ ‘ಐತವಾರ’ ಎಂದರು. ಕಾಕು ಬೆರಳು ಮಡಿಚಿ ಲೆಕ್ಕ ಹಾಕಿದಂತೆ ಕಂಡಿತು. ನಾಸಿಕ್ ರೋಡ್ ಬರುವವರೆಗೂ ಸಂಘದ ವಾಟ್ಸಾಪ್ ಗುಂಪಿನಲ್ಲಿ ‘ಅಭಿನಂದನೆ ದಾಜಿ’ ಎಂದು ಹೂಗುಚ್ಛ, ಕೈಮುಗಿದ ಚಿತ್ರಗಳು ಸಾಲಾಗಿ ಬರುತ್ತಿದ್ದವು, ಪ್ರತಿಯೊಂದಕ್ಕೂ ಕಾಕುವಿನ ಫೋನ್ ಟಿಣ್ ಎನ್ನುತ್ತಿತ್ತು.

ಕಾಕಾ ಸುಮ್ಮನೆ ಕೂರಲಿಲ್ಲ. ಕೊಟ್ಟ ಮಾತನ್ನು ವಾಪಸ್ ತರುತ್ತೇನೆ ಎಂದು ಅಧ್ಯಕ್ಷರ ಮನೆಗೆ ಹೋದರು. ಬರುವಾಗ ಪಂದ್ಯಾವಳಿಯ ಸ್ವಾಗತ ಸಮಿತಿಯ ಪ್ರಮುಖರಾಗಿ ಬಂದರು! ಎರಡನೆಯ ಸಲ, ಈ ಬಾರಿ ಬಿಡುವುದಿಲ್ಲ ಎಂದು ಹೊರಟವರು ಊಟದ ಸಮಿತಿಯನ್ನೂ ತಂದರು. ಮೂರನೆಯ ಸಲ ಹೊರಟಾಗ ಕಾಕು ಬಾಗಿಲಲ್ಲೇ ತಡೆದರು. ‘ಬ್ಯಾಡ್ರಿ. ಹಿಂಗೇ ಹೋಗ್ಕೋತ ಇದ್ರ ನಾಳಿಗಿ ನೀವೇ ಅಧ್ಯಕ್ಷ ಆಗಿ ಬರ್ತೀರಿ, ಮತ್ತ ನಾ ನಿಮಗ ಆರತಿ ಎತ್ತಬೇಕು.’ ನಾನು ನಕ್ಕೆ. ಕಾಕು ನಗಲಿಲ್ಲ. ಕಾಕಾ ಚಪ್ಪಲಿ ಬಿಚ್ಚಿ ಒಳಗೆ ಬಂದರು.

ಈ ಏಪ್ರಿಲಿನಲ್ಲಿ ಪಂದ್ಯಾವಳಿ ನಾಸಿಕ್ ರೋಡಿನಲ್ಲೇ ನಡೆಯಿತು. ಹೊಸ ಕಾರ್ಯದರ್ಶಿ ಅತಿಥಿಗಳಿಗೆ ಬಹಳ ಚೆನ್ನಾದ ಶಾಮಿಯಾನಾ ಹಾಕಿಸಿದ್ದ. ಹೆಣ್ಣುಮಕ್ಕಳ ಫೈನಲ್ ಎರಡು ಗಂಟೆಗೆ. ಕಾಕುವಿನ ತಂಡದಲ್ಲಿ ಒಬ್ಬಳು ಹುಡುಗಿ ಇದ್ದಳು, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗಳು, ಗಾಳಿಯ ಹಾಗೆ ಓಡುವವಳು. ಆಟದ ನಡುವೆ ಕಂಬದ ಹತ್ತಿರ ಅವಳು ನಿಂತಳು, ಏನನ್ನೋ ಹುಡುಕುವವಳಂತೆ ಸುತ್ತ ನೋಡಿದಳು, ಕುಸಿದಳು. ಶಾಲೆಯ ವರಾಂಡಕ್ಕೆ ಎತ್ತಿ ತಂದೆವು. ಪಕ್ಕದ ಡಾಕ್ಟರು ಬಂದು ನೋಡಿ, ಬಿಸಿಲಿಗೆ ಹೀಗಾಗಿದೆ, ನೀರು ಕುಡಿಸುತ್ತಾ ತಂಪಿನಲ್ಲಿ ಮಲಗಿಸಿರಿ, ಕಾಲು ಸ್ವಲ್ಪ ಎತ್ತರದಲ್ಲಿರಲಿ ಎಂದು ಹೇಳಿ ಹೋದರು. ಅವಳಿಲ್ಲದೆ ತಂಡ ಸೋತಿತು. ತಾಯಿ ಕೆಲಸ ಮುಗಿಸಿ ಬರುವವರೆಗೆ ಕಾಕು ಹುಡುಗಿಯ ಪಕ್ಕ ಕೂತರು. ರಟ್ಟಿನ ತುಂಡೊಂದರಿಂದ ಗಾಳಿ ಹಾಕುತ್ತಾ ಅಲ್ಲಿಂದ ಏಳಲಿಲ್ಲ.

ಸಂಜೆ ಗಂಡುಹುಡುಗರ ಫೈನಲ್ಲಿಗೆ ಮುಖ್ಯ ಅತಿಥಿ ಬಂದಿಳಿದರು. ವರಾಂಡದಿಂದ ಕಾಣುವ ವೇದಿಕೆಯ ಮೇಲೆ ಆರತಿಯ ತಾಟು ಸಿದ್ಧವಾಗಿತ್ತು, ಎತ್ತುವ ಕೈ ಇರಲಿಲ್ಲ. ತಾಈ ಎಲ್ಲಿ, ತಾಈ ಎಲ್ಲಿ ಎಂದು ಓಡಾಟವಾಯಿತು. ಕರೆಯಲು ಬಂದವರು, ಕಾಕು ಏಳದಿದ್ದಾಗ ನನ್ನನ್ನೂ ಕರೆದರು. ಹುಡುಗಿಗೆ ನೀರು ಕುಡಿಸುತ್ತಿದ್ದೇನೆ, ಆಗುವುದಿಲ್ಲ ಎಂದೆ. ಅತಿಥಿ ಮೆಟ್ಟಿಲ ಮೇಲೆ ಕಾಯುತ್ತಾ ನಿಂತರು. ಆ ಹೊತ್ತಿಗೆ, ಎದೆಗೆ ಸ್ವಾಗತ ಸಮಿತಿಯ ದೊಡ್ಡ ಬ್ಯಾಡ್ಜ್ ಹಚ್ಚಿಕೊಂಡಿದ್ದ ನಮ್ಮ ಕಾಕಾ ನಡೆದು ಬಂದು ತಾಟು ಎತ್ತಿಕೊಂಡರು.

ಗಂಡಸು ಆರತಿ ಎತ್ತಿದ್ದನ್ನು ಆ ಮೈದಾನ ನೋಡಿರಲಿಲ್ಲ. ಕಾಕಾ ತಾಟನ್ನು ಉಲ್ಟಾ ದಿಕ್ಕಿನಲ್ಲಿ ತಿರುಗಿಸಿದರು, ದೀಪ ಆರಿತು, ಮತ್ತೆ ಹಚ್ಚಿದರು. ಅತಿಥಿಯ ಹಣೆಗೆ ಹಚ್ಚಬೇಕಾದ ಕುಂಕುಮ ಅರ್ಧ ಮೂಗಿಗೆ ಬಂತು. ಕುರ್ಚಿಗಳಲ್ಲಿ ಕೂತ ಒಬ್ಬೊಬ್ಬರಿಗೂ, ಅಧ್ಯಕ್ಷರಿಗೂ, ಶಾಮಿಯಾನಾ ಕಟ್ಟಿದ ಹುಡುಗನಿಗೂ, ಯಾರನ್ನೂ ಬಿಡದೆ ಹಚ್ಚಿದರು. ಜನ ಶಿಳ್ಳೆ ಹೊಡೆದರು. ಅಧ್ಯಕ್ಷರು ನಗುತ್ತಾ ಮೈಕಿನಲ್ಲೇ, ದಾಜಿ, ಇವತ್ತು ನೀವೇ ತಾಈ ಆದಿರಲ್ಲ, ನಮ್ಮ ತಾಈ ಎಲ್ಲಿ ಎಂದು ಕೇಳಿ ಮೈಕನ್ನು ಅವರ ಬಾಯಿಯ ಹತ್ತಿರ ಹಿಡಿದರು.

ಕಾಕಾ ಮೈಕ್ ತೆಗೆದುಕೊಂಡರು. ಬೀದರಿನ ರಾಗದ ಮರಾಠಿಯಲ್ಲಿ, ಒಂದೊಂದೇ ಮಾತು ಹುಡುಕಿ ಹುಡುಕಿ ಹೇಳಿದರು. ಅದು ಕನ್ನಡದಲ್ಲಿ ಹೀಗಾಗುತ್ತದೆ: ‘ನೀವು ಎರಡು ಗಂಟೆಗೆ ಆಡಿಸಿದ ಪಂದ್ಯದಲ್ಲಿ ಒಂದು ಹುಡುಗಿ ಬಿದ್ದಳು. ತಾಈ ಅವಳ ಹತ್ತಿರ ಇದ್ದಾಳೆ. ಹೋದ ವರ್ಷ ತಾಈಯ ಪರವಾಗಿ ನಾನು ಮಾತು ಕೊಟ್ಟೆ. ಕೊಡು ಅಂತ ಅವಳು ಹೇಳಿರಲಿಲ್ಲ. ನಾನು ಅವಳನ್ನು ಕೇಳಿರಲಿಲ್ಲ. ಅದು ನನ್ನ ತಪ್ಪು. ಇಷ್ಟೇ.’

ಆಮೇಲೆ ಹಿಂದೆ ಕೂತ ಯಾರೋ ಇದು ಸ್ವಾಗತ ಭಾಷಣ ಎಂದು ತಿಳಿದು ಚಪ್ಪಾಳೆ ತಟ್ಟಿದರು. ಅದನ್ನು ಕೇಳಿ ಎಲ್ಲರೂ ತಟ್ಟಿದರು! ಅಧ್ಯಕ್ಷರೂ ತಟ್ಟಿದರು. ಮುಖ್ಯ ಅತಿಥಿ ಮೈಕ್ ಹಿಡಿದು ಮಹಿಳೆಯರು ಇಂದು ಎಲ್ಲ ಕ್ಷೇತ್ರಗಳಲ್ಲೂ ಮುಂದಿದ್ದಾರೆ ಎಂದು ಭಾಷಣ ಶುರುಮಾಡಿದರು. ಏನೂ ಬದಲಾಗಲಿಲ್ಲ. ಕಾರ್ಯದರ್ಶಿ ಅವನೇ, ಎರಡು ಗಂಟೆ ಅದೇ.

ಕಾಕಾ ವೇದಿಕೆ ಇಳಿದು ವರಾಂಡಕ್ಕೆ ಬಂದರು. ಹತ್ತೂ ಬೆರಳು ಕೆಂಪು. ಮೆಟ್ಟಿಲ ಕೆಳಗೇ ನಿಂತರು.

‘ಕೇಳಿಸ್ತೇನು?’

‘ಕೇಳಿಸ್ತು’ ಎಂದರು ಕಾಕು. ‘ಎರಡೂ ಸ್ಪೀಕರ್ ಈ ಕಡೀನೇ ಮುಖ ಮಾಡ್ಯಾವ.’

‘ಇನ್ನ ಸಿಟ್ಟ ಅದನು?’

ಕಾಕು ಬಹಳ ಹೊತ್ತು ಗಾಳಿ ಹಾಕಿದರು. ‘ನೀವು ಹೂಂ ಅಂದಿದ್ದಕ್ಕ ಸಿಟ್ಟಿಲ್ರಿ. ನಿಮ್ಮ ಸ್ವಭಾವ ನನಗ ಗೊತ್ತಿಲ್ದದ್ದೇನು. ಮನಿಗಿ ಬಂದು, ಹಿಂಗಾತು ನೋಡು ಅಂತ ಒಂದ ಮಾತ ಹೇಳಿದ್ರ, ಇಬ್ಬರೂ ಕೂಡಿ ಏನರೆ ಮಾಡ್ತಿದ್ವಿ. ಐತವಾರದಿಂದ ಶನಿವಾರತನಾ ಒಂದೇ ಮನ್ಯಾಗ ಇದ್ವಿ. ಅದಷ್ಟ ಉಳದದ ಎದ್ಯಾಗ.’

ಕಾಕಾ ಮೆಟ್ಟಿಲು ಹತ್ತಿ ಬಂದು ನೆಲದ ಮೇಲೆ ಕೂತರು. ಹುಡುಗಿಯ ಕಾಲ ಕೆಳಗಿದ್ದ ಚೀಲವನ್ನು ಮೆಲ್ಲಗೆ ಸರಿಸಿ, ಆ ಕಾಲುಗಳನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಅಂಗಾಲಿನಲ್ಲಿ ಬೊಕ್ಕೆ ಎದ್ದಿದ್ದವು. ಒದ್ದೆ ಬಟ್ಟೆ ತೆಗೆದುಕೊಂಡು, ಬೊಕ್ಕೆ ಒಡೆಯದಂತೆ, ಸುತ್ತಲಿನ ಮಣ್ಣನ್ನು ಒರೆಸತೊಡಗಿದರು. ಹುಡುಗಿ ನಿದ್ದೆಯಲ್ಲೇ ಕಾಲು ಎಳೆದುಕೊಂಡಳು, ಮತ್ತೆ ಚಾಚಿದಳು. ಕಾಕಾ ಅವರ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಕಾಕು ಅವರ ಕಡೆ ನೋಡಲಿಲ್ಲ. ಆದರೆ ರಟ್ಟಿನ ತುಂಡನ್ನು ಮೊದಲಿಗಿಂತ ಸ್ವಲ್ಪ ಅಗಲಕ್ಕೆ ಬೀಸತೊಡಗಿದರು, ಗಾಳಿ ಕಾಕಾ ಅವರಿಗೂ ತಾಗುವಷ್ಟು.